ಮ್ಯಾಂಡೊಲಿನ್‌ನಲ್ಲಿ ಫಿಡಲ್ ಟ್ಯೂನ್, ಸ್ವಿಂಗ್, ಜಾಝ್: ಯಾವುದು ಮೊದಲು, ಯಾವುದು ಆಮೇಲೆ

ಮ್ಯಾಂಡೊಲಿನ್ ಹಿಡಿದು ಜಾಝ್ ಕಲಿಯೋಕೆ ಹೊರಟವರು ಬಹಳಷ್ಟು ಜನ ಸಿಕ್ಕಿಹಾಕ್ಕೊಳ್ಳೋದು ಒಂದೇ ಜಾಗದಲ್ಲಿ. ಟ್ಯಾಬ್ (ಯಾವ ತಂತಿಯನ್ನ ಎಲ್ಲಿ ಒತ್ತಬೇಕು ಅಂತ ಬರೆದ ಹಾಳೆ) ನೋಡ್ಕೊಂಡು ನಾಲ್ಕೈದು ಫಿಡಲ್ ಟ್ಯೂನ್ (ವಯಲಿನ್‌ನಲ್ಲಿ ನುಡಿಸೋ ಪಾಶ್ಚಾತ್ಯ ಜನಪದ ಕುಣಿತದ ಧಾಟಿ) ಬಾಯಿಪಾಠ ಆಗಿರುತ್ತೆ, ಸ್ಕೇಲ್ ಗೊತ್ತಿರುತ್ತೆ, ಯಾವುದೋ ವಿಡಿಯೋದಲ್ಲಿ ನೋಡಿದ ಎರಡು ಜಾಝ್ ಲಿಕ್ಕೂ (ಸಿದ್ಧ ಸ್ವರದ ತುಣುಕು) ಬರುತ್ತೆ, ಆದ್ರೆ ಪಕ್ಕದಲ್ಲಿ ಗಿಟಾರಿನವರು ಕೂತು ಕಾರ್ಡ್ (ಒಟ್ಟಿಗೆ ಮೀಟೋ ಮೂರ್ನಾಲ್ಕು ಸ್ವರದ ಗುಂಪು) ಹಾಕೋಕೆ ಶುರು ಮಾಡಿದ ತಕ್ಷಣ ಕೈ ನಿಂತೋಗುತ್ತೆ, ಈಗ ಯಾವ ಕಾರ್ಡು ನಡೀತಿದೆ, ಯಾವ ಸ್ವರ ಹಿಡೀಬೇಕು ಅನ್ನೋದೇ ಗೊತ್ತಾಗಲ್ಲ. ಆಮೇಲೆ ಇನ್ನೊಂದಷ್ಟು ಸ್ಕೇಲ್ ಕಲೀತಾರೆ, ಮತ್ತೆ ಅದೇ ಜಾಗಕ್ಕೆ ಬಂದು ನಿಲ್ತಾರೆ. ಕಲಿತ ಕ್ರಮ ಅಡ್ಡಾದಿಡ್ಡಿ ಆಗಿರೋದೇ ಇದಕ್ಕೆ ಕಾರಣ, ಮುಖ್ಯವಾಗಿ ನಡುವೆ ಕಾರ್ಡ್ ಅನ್ನೋ ಮೆಟ್ಟಿಲನ್ನ ಹಾರಿಬಿಟ್ಟಿರ್ತಾರೆ.

ಕೆಳಗಿರೋ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ. ಫಿಡಲ್ ಟ್ಯೂನು ಬಲಗೈಗೆ ಮತ್ತು ಕಿವಿಗೆ ಪಾಠ, ಕಾರ್ಡು ಜಾಝ್‌ಗೆ ಪಾಠ, ಸೋಲೋ, ಅಂದ್ರೆ ಕಾರ್ಡ್ ಮೇಲೆ ಸ್ವಂತವಾಗಿ ಕಟ್ಟಿ ನುಡಿಸೋದು, ಎರಡೂ ಆದ್ಮೇಲೆ. ಒಂದೊಂದು ಹಂತಕ್ಕೆ ವಾರಗಳೇ ಹಿಡೀಬಹುದು, ಅದರಲ್ಲಿ ತಪ್ಪೇನಿಲ್ಲ.

## ಕೈಲಿ ಏನೇನು ಇರಬೇಕು

ಎಂಟು ತಂತಿಯ ಸಾಮಾನ್ಯ ಮ್ಯಾಂಡೊಲಿನ್ ಸಾಕು, ಎರಡೆರಡು ತಂತಿಯ ನಾಲ್ಕು ಜೋಡಿ. ದಪ್ಪ ತಂತಿ ಕಡೆಯಿಂದ ಜಿ, ಡಿ, ಎ, ಇ, ಅಂದ್ರೆ ವೆಸ್ಟರ್ನ್ ವಯಲಿನ್ ಟ್ಯೂನಿಂಗೇ. ಹಾಗಾಗಿ ಫಿಡಲ್‌ನವರು ನುಡಿಸೋದೆಲ್ಲ ಅದೇ ಬೆರಳಲ್ಲಿ ಇಲ್ಲೂ ಸಿಗುತ್ತೆ, ಸ್ಟೆಫಾನ್ ಗ್ರಾಪೆಲ್ಲಿ ವಯಲಿನ್‌ನಲ್ಲಿ ನುಡಿಸಿದ ಸ್ವಿಂಗ್ (1930ರ ದಶಕದ ಕುಣಿತದ ಜಾಝ್) ಸಾಲನ್ನ ನೀವು ನೇರವಾಗಿ ಎತ್ಕೋಬಹುದು.

ಪಿಕ್ ವಿಷಯದಲ್ಲಿ ಜಿಪುಣತನ ಬೇಡ. ಗಿಟಾರ್ ಜೊತೆ ಸಿಗೋ ತೆಳು ಪಿಕ್‌ನಲ್ಲಿ ಮ್ಯಾಂಡೊಲಿನ್ ಟಿಕಿಟಿಕಿ ಅನ್ನುತ್ತೆ, ದನಿಗೆ ಮೈ ಬರಲ್ಲ. 1.2ರಿಂದ 1.5 ಮಿಮೀ ದಪ್ಪದ, ತುದಿ ಸ್ವಲ್ಪ ಗುಂಡಗಿರೋ ಪಿಕ್ ತಗೊಳ್ಳಿ. ತಂತಿ ಮೀಡಿಯಂ ಸೆಟ್ ಆದ್ರೆ 011ರಿಂದ 040, ಬೆರಳು ಹೊಸದಾಗಿದ್ರೆ 010ರಿಂದ 038 ಲೈಟ್ ಸೆಟ್. ಇದ್ರ ಜೊತೆ ಕ್ಲಿಪ್ ಟ್ಯೂನರ್, ಮೆಟ್ರೋನೋಮ್ ಆ್ಯಪ್, ಪಾಠ ನಿಧಾನಕ್ಕೆ ಕೇಳೋಕೆ ಯೂಟ್ಯೂಬ್‌ನ ಸ್ಪೀಡ್ ಸೆಟ್ಟಿಂಗು, ನಿಮ್ಮದನ್ನ ನೀವೇ ಕೇಳ್ಕೊಳ್ಳೋಕೆ ಫೋನ್ ರೆಕಾರ್ಡರ್. ಈ ಕೊನೇದನ್ನ ಯಾರೂ ಬಳಸಲ್ಲ, ಆದ್ರೆ ಹೆಚ್ಚು ಕಲಿಸೋದು ಅದೇ.

ಕರ್ನಾಟಕ ಸಂಗೀತದ ಕಡೆಯಿಂದ ಬಂದವರಿಗೆ ಒಂದು ಮಾತು. ಯು. ಶ್ರೀನಿವಾಸ್ ಅವರ ಶೈಲಿಯ ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ನಿಮ್ಮ ಹತ್ರ ಇದ್ರೆ ಅದೂ ಆಗುತ್ತೆ, ವೆಸ್ಟರ್ನ್ ಸ್ವಿಂಗ್‌ನಲ್ಲಿ ಟೈನಿ ಮೂರ್ ನುಡಿಸ್ತಿದ್ದಿದ್ದೂ ಒಂಟಿ ತಂತಿಯ ಐದು ತಂತಿ ಎಲೆಕ್ಟ್ರಿಕ್ಕೇ. ಆದ್ರೆ ಸ-ಪ-ಸ-ಪ ಶ್ರುತಿಯಲ್ಲೇ ಬಿಟ್ಟು ಈ ಸಂಗೀತ ನುಡಿಸೋಕೆ ಹೋಗ್ಬೇಡಿ, ಬೆರಳೆಲ್ಲ ತಪ್ಪಾಗುತ್ತೆ. ಜಿ-ಡಿ-ಎ-ಇಗೆ ಸರಿಹೋಗೋ ತಂತಿ ಸೆಟ್ ಹಾಕ್ಸಿ. ಪಿಟೀಲು ಕಲಿತವರೂ ಇದನ್ನ ಗಮನಿಸಿ: ನಮ್ಮ ಶ್ರುತಿಯಲ್ಲಿ ನಡುವಿನ ಎರಡು ತಂತಿ ಮಧ್ಯೆ ಮಧ್ಯಮದ ಅಂತರ, ಇಲ್ಲಿ ಎಲ್ಲ ಪಕ್ಕದ ತಂತಿಗಳ ಮಧ್ಯೆಯೂ ಪಂಚಮದ ಅಂತರ. ಮೊದಲ ಕೆಲವು ದಿನ ನಡುವಿನ ತಂತಿ ದಾಟುವಾಗ ಕೈ ಹಳೇ ಜಾಗಕ್ಕೇ ಹೋಗುತ್ತೆ.

## ಹಂತ 1: ವಾದ್ಯ ಸರಿ ಇದ್ಯಾ ನೋಡಿ

ಸುಮಾರು ಜನ ತಮ್ಮ ಕೈ ಸರಿ ಇಲ್ಲ ಅಂದ್ಕೊಂಡು ತಿಂಗಳುಗಟ್ಟಲೆ ಒದ್ದಾಡ್ತಾರೆ, ಕೊನೆಗೆ ನೋಡಿದ್ರೆ ತಂತಿ ಫ್ರೆಟ್‌ನಿಂದ (ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿ) ತುಂಬಾ ಎತ್ತರದಲ್ಲಿರುತ್ತೆ. 12ನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 1.5ರಿಂದ 2 ಮಿಮೀ ಇದ್ರೆ ಸರಿ. ಅದಕ್ಕಿಂತ ಬಹಳ ಜಾಸ್ತಿ ಇದ್ರೆ ರಿಪೇರಿ ಗೊತ್ತಿರೋರ ಹತ್ರ ಕೊಟ್ಟು ಇಳಿಸ್ಕೊಳ್ಳಿ.

ಇನ್ನೊಂದು ವಿಷಯ ಬ್ರಿಡ್ಜ್, ತಂತಿಗಳನ್ನ ಎತ್ತಿ ಹಿಡಿಯೋ ಕುದುರೆ. ಮ್ಯಾಂಡೊಲಿನ್ ಬ್ರಿಡ್ಜನ್ನ ಅಂಟಿಸಿರಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತೆ. 12ನೇ ಫ್ರೆಟ್ ಮೇಲೆ ಬೆರಳನ್ನ ಒತ್ತದೆ ಬರೀ ಮುಟ್ಟಿಸಿ ಮೀಟಿ (ಇದೇ ಹಾರ್ಮೋನಿಕ್), ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ, ಎರಡೂ ಟ್ಯೂನರ್‌ನಲ್ಲಿ ಒಂದೇ ತೋರಿಸ್ಬೇಕು. ಒತ್ತಿದ ಸ್ವರ ಮೇಲಿದ್ರೆ ಬ್ರಿಡ್ಜನ್ನ ಟೇಲ್‌ಪೀಸ್ (ತಂತಿಯ ಬುಡ ಸಿಕ್ಕಿಸೋ ಲೋಹ) ಕಡೆಗೆ ಕೂದಲೆಳೆಯಷ್ಟು ಸರಿಸಿ, ಕೆಳಗಿದ್ರೆ ಕುತ್ತಿಗೆ ಕಡೆಗೆ. ತಂತಿ ಬದಲಾಯಿಸುವಾಗ ಎಂಟನ್ನೂ ಒಟ್ಟಿಗೆ ಬಿಚ್ಚಿದ್ರೆ ಬ್ರಿಡ್ಜ್ ಬಿದ್ದೋಗುತ್ತೆ, ಒಂದೊಂದಾಗಿ ಬದಲಾಯಿಸಿ.

ಶ್ರುತಿ ಮಾಡುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಜೋಡಿಯ ಎರಡು ತಂತಿ ನಡುವೆ ಅಲೆ ಅಲೆಯಾಗಿ ದನಿ ನಡುಗಿದ್ರೆ ಇನ್ನೂ ಸೇರಿಲ್ಲ ಅಂತ ಅರ್ಥ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತೆ, ಮರ ಉಬ್ಬಿ ತಂತಿ ಎತ್ತರ ಆಗುತ್ತೆ, ನುಡಿಸಿದ್ಮೇಲೆ ಒರೆಸಿ ಕೇಸ್ ಒಳಗಿಡಿ. ಅಮೆರಿಕ, ಕೆನಡಾದ ಚಳಿಗಾಲದಲ್ಲಿ ಇದು ಉಲ್ಟಾ, ಹೀಟರ್ ಗಾಳಿಗೆ ಮರ ಒಣಗಿ ಸೀಳಬಹುದು, ಅಲ್ಲಿರೋರು ಕೇಸ್ ಒಳಗೆ ಹ್ಯುಮಿಡಿಫೈಯರ್ ಹಾಕ್ಕೊಳ್ಳಿ.

## ಹಂತ 2: ಬಲಗೈ

ಇದನ್ನ ಬೋರು ಅಂತ ಬಿಟ್ಟವರು ಮುಂದಿನ ಎಲ್ಲ ಹಂತದಲ್ಲೂ ಎಡವೋದನ್ನ ನೋಡಿದ್ದೀನಿ.

ತೋರುಬೆರಳನ್ನ ಮಡಚಿ ಅದರ ಪಕ್ಕದ ಮೇಲೆ ಪಿಕ್ ಇಟ್ಟು ಹೆಬ್ಬೆರಳಿಂದ ಮೆಲ್ಲಗೆ ಅದುಮಿ. ಬೀಳದಷ್ಟು ಹಿಡಿತ ಸಾಕು. ಮಣಿಕಟ್ಟು ಕೈ ತೊಳೆದು ನೀರು ಕೊಡವೋ ಹಾಗೆ ಸಡಿಲವಾಗಿ ಆಡ್ಬೇಕು, ಮೊಣಕೈಯಿಂದ ಇಡೀ ತೋಳು ಆಡಿಸಿದ್ರೆ ಎರಡು ನಿಮಿಷಕ್ಕೆ ಸುಸ್ತು. ಅಂಗೈಯನ್ನ ಬ್ರಿಡ್ಜ್ ಮೇಲೆ ಊರಬೇಡಿ, ದನಿ ಸತ್ತೋಗುತ್ತೆ.

ನಿಯಮ ಒಂದೇ: ತಾಳದ ಮೇಲೆ ಬರೋ ಸ್ವರಕ್ಕೆ ಪಿಕ್ ಕೆಳಗೆ, ನಡುವೆ ಬರೋ ಸ್ವರಕ್ಕೆ ಮೇಲೆ. ರೀಲ್ ಅನ್ನೋ ನಾಲ್ಕರ ನಡೆಯ ಟ್ಯೂನಲ್ಲಿ ಇದು ತ-ಕ-ದಿ-ಮಿ, ಕೆಳಗೆ-ಮೇಲೆ-ಕೆಳಗೆ-ಮೇಲೆ. ಜಿಗ್ ಅನ್ನೋ 6/8 ಟ್ಯೂನಲ್ಲಿ ಮಾತ್ರ ಸ್ವಲ್ಪ ಬೇರೆ, ತ-ಕಿ-ಟ ತ-ಕಿ-ಟ, ಅಲ್ಲಿ ಕೆಳಗೆ-ಮೇಲೆ-ಕೆಳಗೆ, ಮತ್ತೆ ಕೆಳಗೆ-ಮೇಲೆ-ಕೆಳಗೆ, ಅಂದ್ರೆ ಪ್ರತಿ ತಕಿಟದ "ತ" ಕೆಳಗಿನ ಹೊಡೆತದಿಂದಲೇ ಶುರು. ನಡುವೆ ಒಂದು ಸ್ವರ ಇಲ್ಲದಿದ್ರೂ ಕೈ ಗಾಳಿಯಲ್ಲಿ ಆಡ್ತಾನೇ ಇರ್ಬೇಕು. ತಂತಿ ದಾಟುವಾಗ ಹತ್ತಿರ ಅನಿಸ್ತು ಅಂತ ಎರಡು ಸಲ ಕೆಳಗೆ ಹೊಡೆಯೋದು ಎಲ್ಲರೂ ಮಾಡೋ ತಪ್ಪು, ನಿಧಾನದಲ್ಲಿ ಗೊತ್ತಾಗಲ್ಲ, ಸ್ಪೀಡ್ ಏರಿಸಿದಾಗ ಸರಿಯಾಗಿ ಅದೇ ಜಾಗದಲ್ಲಿ ಮುಗ್ಗರಿಸ್ತೀರ.

ಅಭ್ಯಾಸ: ಮೆಟ್ರೋನೋಮ್ 60ಕ್ಕೆ ಇಟ್ಟು ಒಂದು ಕ್ಲಿಕ್‌ಗೆ ನಾಲ್ಕು ಸ್ವರ, ಬರೀ ತೆರೆದ ತಂತಿಗಳ ಮೇಲೆ. ಮೊದಲು ಒಂದೇ ತಂತಿ, ಆಮೇಲೆ ಎರಡೆರಡು ಸ್ವರಕ್ಕೆ ತಂತಿ ಬದಲು, ಆಮೇಲೆ ಮೂರು ಸ್ವರಕ್ಕೆ ಬದಲು. ಈ ಮೂರಕ್ಕೆ ಬದಲಾಯಿಸೋದೇ ಅಸಲಿ ಪರೀಕ್ಷೆ, ಯಾಕಂದ್ರೆ ಒಂದ್ಸಲ ಕೆಳಗಿನ ಹೊಡೆತದಲ್ಲಿ, ಮುಂದಿನ ಸಲ ಮೇಲಿನ ಹೊಡೆತದಲ್ಲಿ ತಂತಿ ದಾಟ್ಬೇಕಾಗುತ್ತೆ. ಜೋಡಿಯ ಎರಡೂ ತಂತಿ ಕೇಳಿಸ್ತಿದ್ಯಾ ಅಂತ ರೆಕಾರ್ಡ್ ಮಾಡಿ ನೋಡಿ.

## ಹಂತ 3: ಎಡಗೈ

ಗಿಟಾರಿಂದ ಬಂದವರು ಒಂದು ಫ್ರೆಟ್‌ಗೆ ಒಂದು ಬೆರಳು ಇಡ್ತಾರೆ. ಮ್ಯಾಂಡೊಲಿನ್‌ನಲ್ಲಿ ಹಾಗಲ್ಲ, ವಯಲಿನ್ ಲೆಕ್ಕ: ತೋರುಬೆರಳು 1-2ನೇ ಫ್ರೆಟ್, ನಡುಬೆರಳು 3-4, ಉಂಗುರಬೆರಳು 5-6, ಕಿರುಬೆರಳು 7. ಬೆರಳು ಫ್ರೆಟ್ ಹಿಂದೆಯೇ ಒತ್ತಬೇಕು, ಎರಡು ಫ್ರೆಟ್ ನಡುವೆ ಒತ್ತಿದ್ರೆ ಜರ್ರ್ ಅನ್ನುತ್ತೆ. ಕಿರುಬೆರಳನ್ನ ಮೊದಲ ದಿನದಿಂದಲೇ ದುಡಿಸಿ, ಡಿ ತಂತಿಯ 7ನೇ ಫ್ರೆಟ್ಟೂ ತೆರೆದ ಎ ತಂತಿಯೂ ಒಂದೇ ಸ್ವರ ಆಗಿರೋದ್ರಿಂದ ತಂತಿ ದಾಟೋದನ್ನ ತಪ್ಪಿಸೋಕೆ ಅದು ಬೇಕೇ ಬೇಕು.

## ಹಂತ 4: ಮೊದಲ ಫಿಡಲ್ ಟ್ಯೂನ್, ಕಿವಿಯಿಂದ

ಬಹುಪಾಲು ಫಿಡಲ್ ಟ್ಯೂನಿಗೆ ಎರಡು ಭಾಗ, ಒಂದೊಂದು 8 ಬಾರ್ (ಬಾರ್ ಅಂದ್ರೆ ತಾಳದ ಒಂದು ಆವರ್ತ), ಎರಡನ್ನೂ ಎರಡೆರಡು ಸಲ ನುಡಿಸ್ಬೇಕು, ಒಟ್ಟು 32 ಬಾರ್‌ಗೆ ಒಂದು ಸುತ್ತು. ಈ 32ರ ಲೆಕ್ಕ ಮೈಗೆ ಹತ್ತಿದ್ರೆ ಮುಂದೆ ಜಾಝ್‌ಗೆ ತುಂಬಾ ಅನುಕೂಲ, ಅಲ್ಲೂ ಎಷ್ಟೋ ಹಾಡು 32 ಬಾರ್‌ದೇ.

ಶುರುವಿಗೆ "ಏಂಜಲೀನ್ ದ ಬೇಕರ್" ತಗೊಳ್ಳಿ. ಡಿ ಕೀಯಲ್ಲಿ ನುಡಿಸ್ತಾರೆ, ಹೆಚ್ಚಾಗಿ ಐದೇ ಸ್ವರ, ಡಿ ಅನ್ನ ಷಡ್ಜ ಅಂದ್ಕೊಂಡ್ರೆ ಮೋಹನ ರಾಗದ ಸ್ವರಗಳು. ಆಮೇಲೆ "ಸೋಲ್ಜರ್ಸ್ ಜಾಯ್", ಇದೂ ಡಿ, ಸ್ವರಗಳು ತುಂಬಿ ತುಳುಕೋ ಟ್ಯೂನು, ಬಲಗೈಗೆ ಒಳ್ಳೇ ಕೆಲಸ. ಮೂರನೇದು "ಓಲ್ಡ್ ಜೋ ಕ್ಲಾರ್ಕ್", ಎ ಕೀ, ಆದ್ರೆ ನಿಷಾದ ಕೈಶಿಕಿ, ಹರಿಕಾಂಭೋಜಿಯ ಸ್ವರಗಳು, ಮೇಜರ್ ಸ್ಕೇಲ್ ಅಂತ ನುಡಿಸಿದ್ರೆ ಕೂಡಲೇ ತಪ್ಪು ಕೇಳಿಸುತ್ತೆ.

ಕಲಿಯೋ ರೀತಿ ಹೀಗೆ. ಮೊದಲು ಟ್ಯೂನನ್ನ ಗುನುಗೋಕೆ ಬರೋವರೆಗೂ ಕೇಳಿ, ವಾದ್ಯ ಮುಟ್ಟಬೇಡಿ. ಆಮೇಲೆ ಅರ್ಧ ಸ್ಪೀಡಲ್ಲಿ ಎರಡು ಬಾರ್ ಕೇಳಿ, ಹಾಡಿ, ಹುಡುಕಿ ನುಡಿಸಿ. 8 ಬಾರ್‌ನಲ್ಲಿ ಇಂಥ ನಾಲ್ಕು ತುಂಡು, ಸಾಮಾನ್ಯವಾಗಿ ಮೊದಲನೇದೂ ಮೂರನೇದೂ ಒಂದೇ ಥರ ಇರುತ್ತೆ, ಹಾಗಾಗಿ ಕಲಿಯೋದು ಅಂದ್ಕೊಂಡದ್ದಕ್ಕಿಂತ ಕಮ್ಮಿ. ಟ್ಯಾಬ್ ನೋಡೋದಾದ್ರೆ ಕಿವಿಯಿಂದ ಹಿಡಿದದ್ದನ್ನ ಪರೀಕ್ಷೆ ಮಾಡೋಕೆ ಮಾತ್ರ ನೋಡಿ. ಟ್ಯಾಬ್‌ನಿಂದಲೇ ಕಲಿತ ಟ್ಯೂನು ಕಾಗದದ ಮೇಲೇ ಇರುತ್ತೆ, ಮಧ್ಯದಲ್ಲಿ ಒಂದು ಸ್ವರ ತಪ್ಪಿದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ, ಜೊತೆಗೆ ನುಡಿಸುವಾಗ ಅದು ಆಗದ ಮಾತು.

ಈ ಹಂತದಲ್ಲಿ ಶ್ರುತಿ ಪೆಟ್ಟಿಗೆ ಹಾಕ್ಕೊಂಡು ಡಿ ಮತ್ತು ಎ ಹಿಡಿದು ಅಭ್ಯಾಸ ಮಾಡಿದ್ರೆ ಬಹಳ ಒಳ್ಳೇದು, ಈ ಟ್ಯೂನ್‌ಗಳಿಗೆ ಅದು ಹೊಂದ್ಕೊಳ್ಳುತ್ತೆ. ಆದ್ರೆ ಗಮಕ ಬೇಡ. ಫಿಡಲ್ ಟ್ಯೂನಲ್ಲಿ ಸ್ವರ ನೇರವಾಗಿ ನಿಲ್ಲುತ್ತೆ, ಅಲಂಕಾರ ಅಂದ್ರೆ ಒಂದು ಚಿಕ್ಕ ಸ್ಲೈಡು, ಬೆರಳು ತಟ್ಟಿ ಎಬ್ಬಿಸೋ ಸ್ವರ, ಪಕ್ಕದ ತೆರೆದ ತಂತಿಯನ್ನ ಜೊತೆಗೆ ಸೇರಿಸೋದು, ಅಷ್ಟೇ. ಉದ್ದನೇ ಸ್ವರ ಬಂದ್ರೆ ಫಿಡಲ್‌ನವರು ಕಮಾನು ಎಳೀತಾರೆ, ನಮ್ಮ ದನಿ ಬೇಗ ಸತ್ತೋಗುತ್ತೆ, ಹಾಗಾಗಿ ಅದೇ ಸ್ವರವನ್ನ ತಕದಿಮಿಯಲ್ಲಿ ಮತ್ತೆ ಮತ್ತೆ ಮೀಟಿ ತುಂಬಿಸಿ. ಟ್ರೆಮೊಲೋ (ಒಂದೇ ಸ್ವರವನ್ನ ಸರಸರ ಮೀಟಿ ನಿಲ್ಲಿಸೋದು) ನಿಧಾನ ಹಾಡಿಗೆ ಇಟ್ಕೊಳ್ಳಿ, ರೀಲ್‌ನಲ್ಲಿ ಹಾಕಿದ್ರೆ ಲಯ ಕಲಸೋಗುತ್ತೆ.

ಸ್ಪೀಡ್ ಬಗ್ಗೆ: ಕ್ಲಿಕ್‌ಗೆ ನಾಲ್ಕು ಸ್ವರದ ಲೆಕ್ಕದಲ್ಲಿ 50-60ರಿಂದ ಶುರು, ಮೂರು ಸುತ್ತು ತಪ್ಪಿಲ್ಲದೆ ಬಂದ್ರೆ 4 ಏರಿಸಿ. ಜ್ಯಾಮ್‌ಗಳಲ್ಲಿ (ಜೊತೆ ಸೇರಿ ನುಡಿಸೋ ಕೂಟ) 100ರಿಂದ 120ರವರೆಗೂ ನುಡಿಸ್ತಾರೆ, ಆದ್ರೆ 80ರಲ್ಲಿ ಹದವಾಗಿ ನುಡಿಸೋರನ್ನ ಎಲ್ಲರೂ ಜೊತೆಗೆ ಸೇರಿಸ್ಕೊಳ್ತಾರೆ, 120ರಲ್ಲಿ ಓಡಿ ಓಡಿ ಬೀಳೋರನ್ನ ಅಲ್ಲ.

ಮುಂದಿನ ಹಂತಕ್ಕೆ ಹೋಗೋ ಮುಂಚೆ ಇನ್ನೊಂದು ಕೆಲಸ. ಡಿ, ಎ, ಇ ಮೂರು ತಂತಿಯಲ್ಲೇ ಮುಗಿಯೋ ಒಂದು ಟ್ಯೂನನ್ನ ಅದೇ ಬೆರಳಲ್ಲಿ ಜಿ, ಡಿ, ಎ ತಂತಿಗೆ ಇಳಿಸಿ. ಡಿ ಕೀ ಟ್ಯೂನು ತಾನಾಗೇ ಜಿ ಕೀಗೆ ಬಂತು. ಆಮೇಲೆ ಅದನ್ನೇ ತೆರೆದ ತಂತಿ ಬಳಸದೆ, ಎಲ್ಲಾ ಒತ್ತಿದ ಸ್ವರದಲ್ಲೇ ನುಡಿಸಿ ನೋಡಿ, ಹಾಗೇ ಒಂದು ಫ್ರೆಟ್ ಮೇಲೆ ಸರಿಸಿ. ಜಾಝ್‌ನವರು ಬಿ ಫ್ಲ್ಯಾಟ್, ಇ ಫ್ಲ್ಯಾಟ್, ಎಫ್ ಅಂತ ಕೀ ಹೇಳ್ತಾರೆ, ಅಲ್ಲಿ ತೆರೆದ ತಂತಿಗಳ ಸಹಾಯ ಅಷ್ಟಾಗಿ ಸಿಗಲ್ಲ, ಆಗ ಉಳಿಸೋದು ಈ ಅಭ್ಯಾಸವೇ.

## ಹಂತ 5: ಅದೇ ಟ್ಯೂನಿನ ಕಾರ್ಡ್

ಎಲ್ಲರೂ ಹಾರಿಸೋ ಮೆಟ್ಟಿಲು ಇದು, ದಯವಿಟ್ಟು ಹಾರಿಸಬೇಡಿ.

ಕೆಳಗೆ ಸಂಖ್ಯೆ ಬರೆಯೋದು ಜಿ, ಡಿ, ಎ, ಇ ತಂತಿಯ ಕ್ರಮದಲ್ಲಿ ಫ್ರೆಟ್ ನಂಬರ್. ಡಿ ಮೇಜರ್ 2-0-0-2, ಜಿ ಮೇಜರ್ 0-0-2-3, ಎ7 2-2-4-3. "ಏಂಜಲೀನ್"ಗೆ ಡಿ ಮತ್ತು ಜಿ ಎರಡೇ ಸಾಕು. ರೆಕಾರ್ಡಿಂಗ್ ಜೊತೆ ಕಾರ್ಡ್ ಹಾಕಿ, ಯಾವ ಬಾರ್‌ನಲ್ಲಿ ಬದಲಾಗುತ್ತೆ ಅಂತ ಕಿವಿಯಿಂದಲೇ ಹುಡುಕಿ.

ಆಮೇಲೆ ಚಾಪ್. ಜಿ ಕಾರ್ಡ್ 7-5-2-3 ಹಿಡಿದು, ಬಾರ್‌ನ 2 ಮತ್ತು 4ನೇ ಎಣಿಕೆಯಲ್ಲಿ ಮಾತ್ರ ಹೊಡೆದು, ಹೊಡೆದ ತಕ್ಷಣ ಎಡಗೈ ಸಡಿಲ ಬಿಟ್ಟು ದನಿ ಕತ್ತರಿಸೋದು. ಬೆರಳು ತಂತಿ ಮೇಲೇ ಇರ್ಬೇಕು, ಎತ್ತಿದ್ರೆ ತೆರೆದ ತಂತಿ ಮೊಳಗುತ್ತೆ. ಬ್ಲೂಗ್ರಾಸ್‌ನಲ್ಲಿ (ಅಮೆರಿಕದ ಒಂದು ತಂತಿವಾದ್ಯ ಸಂಗೀತ) ಮ್ಯಾಂಡೊಲಿನ್ ಮಾಡೋದು ತಾಳವಾದ್ಯದ ಕೆಲಸ. ಈ ಹಿಡಿತ ಅಗಲ ಜಾಸ್ತಿ, ಕೈ ಚಿಕ್ಕದಿದ್ರೆ 4-5-5 ಅಂತ ಮೂರೇ ತಂತಿ ಹಿಡೀರಿ, ಅದೂ ಜಿ ಮೇಜರ್ರೇ.

ಈಗ ಮುಖ್ಯವಾದ ಕೆಲಸ: ನಿಮ್ಮ ಟ್ಯೂನಿನ ಪ್ರತಿ ಬಾರ್‌ನ ಮೊದಲನೇ ಸ್ವರ ಯಾವುದು, ಅದು ಆ ಹೊತ್ತಿನ ಕಾರ್ಡ್‌ನಲ್ಲಿ ಇದ್ಯಾ ಅಂತ ಒಂದೊಂದಾಗಿ ನೋಡಿ. ಬಹುಪಾಲು ಇರುತ್ತೆ. ಒತ್ತು ಬೀಳೋ ಜಾಗದಲ್ಲಿ ಕಾರ್ಡಿನ ಸ್ವರ, ನಡುವೆ ದಾಟೋ ಸ್ವರ, ಒಳ್ಳೇ ಫಿಡಲ್ ಟ್ಯೂನಿನ ಕಟ್ಟು ಇದೇ, ಜಾಝ್ ಸೋಲೋದ ಕಟ್ಟೂ ಇದೇ. ಇದನ್ನ ಕೈಯಾರೆ ಕಂಡ್ಕೊಂಡವರಿಗೆ ಹಂತ 8 ಅರ್ಧ ಮುಗಿದ ಹಾಗೆ.

## ಹಂತ 6: ಸ್ವಿಂಗ್ ಲಯ

ಫಿಡಲ್ ಟ್ಯೂನಲ್ಲಿ ತಕದಿಮಿ ಸರಿಸುಮಾರು ಸಮನಾಗಿ ಬೀಳುತ್ತೆ. ಸ್ವಿಂಗ್‌ನಲ್ಲಿ ಪ್ರತಿ ಎಣಿಕೆಯನ್ನ ತಿಶ್ರವಾಗಿ ಒಡೀರಿ, ತ-ಕಿ-ಟ, ಅದರಲ್ಲಿ "ತ" ಮತ್ತು "ಟ" ಮಾತ್ರ ಮೀಟಿ, "ಕಿ" ಬಾಯಲ್ಲಿ ಮಾತ್ರ. "ತ"ಕ್ಕೆ ಪಿಕ್ ಕೆಳಗೆ, "ಟ"ಕ್ಕೆ ಮೇಲೆ. ಲೆಕ್ಕ ಇಷ್ಟೇ, ಆದ್ರೆ ಸ್ಪೀಡ್ ಏರಿದ ಹಾಗೆ ಈ ಓರೆ ಕಮ್ಮಿ ಆಗ್ತಾ ಸ್ವರಗಳು ಸಮಕ್ಕೆ ಹತ್ತಿರ ಬರುತ್ತೆ. ಫಾಸ್ಟ್ ಹಾಡಲ್ಲೂ ಅಳೆದು ತಕಿಟ ಹಾಕಿದ್ರೆ ಕುಂಟಿದ ಹಾಗಾಗುತ್ತೆ, ಹೊಸಬರ ಸ್ವಿಂಗ್ ಕುಣಿಯದೇ ಇರೋದಕ್ಕೆ ಮೊದಲ ಕಾರಣ ಇದು.

ಎರಡನೇ ಕಾರಣ ಮೆಟ್ರೋನೋಮನ್ನ 1 ಮತ್ತು 3ರ ಮೇಲೆ ಕೇಳೋದು. ಕ್ಲಿಕ್ಕನ್ನ 2 ಮತ್ತು 4 ಅಂತ ಎಣಿಸೋದನ್ನ ರೂಢಿ ಮಾಡ್ಕೊಳ್ಳಿ. ಮೊದಲು ಕ್ಲಿಕ್ ಬಿದ್ದಾಗ "ಎರಡು", ಖಾಲಿಯಲ್ಲಿ "ಮೂರು", ಮತ್ತೆ ಕ್ಲಿಕ್‌ಗೆ "ನಾಲ್ಕು", ಹೀಗೆ ಬಾಯಲ್ಲಿ ಎಣಿಸಿ, ಆಮೇಲೆ ಗೊತ್ತಿರೋ ಟ್ಯೂನು ಅದರ ಮೇಲೆ ಕೂರಿಸಿ. ಒಂದು ವಾರ ಕಷ್ಟ ಆಗುತ್ತೆ, ಆಮೇಲೆ ಬೇರೆ ಥರ ಕೇಳೋಕೇ ಮನಸ್ಸಾಗಲ್ಲ.

ಕಾರ್ಡ್ ಹಾಕುವಾಗ ಚಾಪ್ ಬಿಟ್ಬಿಡಿ. ಇಲ್ಲಿ ನಾಲ್ಕೂ ಎಣಿಕೆಗೆ ಕೆಳಗಿನ ಹೊಡೆತ, ಚಿಕ್ಕದಾಗಿ, 2 ಮತ್ತು 4 ಸ್ವಲ್ಪ ಗಿಡ್ಡ, ಸ್ವಲ್ಪ ಒತ್ತು. ಕೌಂಟ್ ಬೇಸಿ ಬ್ಯಾಂಡಿನ ಗಿಟಾರಿಸ್ಟ್ ಫ್ರೆಡ್ಡಿ ಗ್ರೀನ್ ಕೈಯನ್ನ ಕೇಳಿ, ಕಿವಿಗೆ ಬೀಳೋದಕ್ಕಿಂತ ಮೈಗೆ ಹತ್ತೋ ಲಯ ಅದು. ಹಾಗೇ ಗಿಟಾರಿಸ್ಟ್ ಜ್ಯಾಂಗೋ ರೈನ್‌ಹಾರ್ಟ್ ಮತ್ತು ಗ್ರಾಪೆಲ್ಲಿ 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ ರೆಕಾರ್ಡ್‌ಗಳಲ್ಲಿ ಡ್ರಮ್ ಇಲ್ಲದೆ ಗಿಟಾರ್‌ಗಳೂ ಬಾಸೂ ಮಾತ್ರ ಲಯ ಹಿಡಿಯೋದನ್ನ ಗಮನಿಸಿ.

## ಹಂತ 7: ಮೂರು ತಂತಿಯ ಕಾರ್ಡ್

ಜಾಝ್ ಕಾರ್ಡ್ ಅಂದ ಕೂಡ್ಲೇ ಜನ ನೂರಾರು ಚಿತ್ರದ ಚಾರ್ಟ್ ಡೌನ್‌ಲೋಡ್ ಮಾಡ್ತಾರೆ. ಬೇಡ. ಮೂರು ತಂತಿ ಸಾಕು, ಜಿ, ಡಿ, ಎ. ಇ ತಂತಿ ಮುಟ್ಟಬೇಡಿ. ಜೆಥ್ರೋ ಬರ್ನ್ಸ್ ಥರದ ಸ್ವಿಂಗ್ ಮ್ಯಾಂಡೊಲಿನ್‌ನವರ ಕೈಯಲ್ಲಿ ಕೇಳಿಸೋ ಆ ಗಟ್ಟಿ ಚಿಕ್ಕ ಕಾರ್ಡ್‌ಗಳ ದಾರಿ ಇದು.

ಒಂದು 7 ಕಾರ್ಡಿಗೆ (ಡಿ7, ಜಿ7 ಥರದ್ದು) ಬಣ್ಣ ಕೊಡೋದು ಅದರ ಷಡ್ಜದಿಂದ ಎಣಿಸಿದ ಮೂರನೇ ಸ್ವರ ಮತ್ತು ಏಳನೇ ಸ್ವರ. ಇವೆರಡರ ನಡುವೆ 6 ಅರ್ಧ ಮನೆ (ಒಂದು ಅರ್ಧ ಮನೆ ಅಂದ್ರೆ ಒಂದು ಫ್ರೆಟ್). ಮ್ಯಾಂಡೊಲಿನ್‌ನ ಪಕ್ಕದ ತಂತಿಗಳ ನಡುವೆ 7 ಅರ್ಧ ಮನೆ. ಹಾಗಾಗಿ ಈ ಎರಡು ಸ್ವರ ಯಾವಾಗಲೂ ಪಕ್ಕಪಕ್ಕದ ತಂತಿಯಲ್ಲಿ, ಮೇಲಿನ ತಂತಿಯದು ಒಂದು ಫ್ರೆಟ್ ಹಿಂದೆ, ಕೈಗೆ ಸಿಕ್ಕೋ ಹಾಗೇ ಕೂತಿರುತ್ತೆ. ಷಡ್ಜ ಬಿಟ್ರೂ ಪರವಾಗಿಲ್ಲ, ಅದನ್ನ ಬಾಸ್‌ನವರು ನೋಡ್ಕೊಳ್ತಾರೆ.

ಹಿಡೀರಿ: ಡಿ7 ಅಂದ್ರೆ 5-4-5, ಜಿ7 ಅಂದ್ರೆ 4-3-5, ಸಿ7 ಅಂದ್ರೆ 3-2-3, ಕೊನೆಗೆ ಎಫ್6 ಅಂದ್ರೆ 2-3-5. ಡಿ7ರಿಂದ ಜಿ7ಗೆ, ಅಲ್ಲಿಂದ ಸಿ7ಗೆ ಜಿ, ಡಿ ತಂತಿಯ ಎರಡು ಬೆರಳು ಒಂದೊಂದೇ ಫ್ರೆಟ್ ಹಿಂದೆ ಸರಿಯುತ್ತೆ, ಸಿ7ಗೆ ಮಾತ್ರ ಎ ತಂತಿಯ ಬೆರಳೂ 5ರಿಂದ 3ಕ್ಕೆ ಇಳೀಬೇಕು. 5-4-5ಗೆ ಜಿ ತಂತಿಯಲ್ಲಿ ನಡುಬೆರಳು, ಡಿ ತಂತಿಯಲ್ಲಿ ತೋರುಬೆರಳು, ಎ ತಂತಿಯಲ್ಲಿ ಉಂಗುರಬೆರಳು. 4-3-5ಗೆ ಎ ತಂತಿಗೆ ಕಿರುಬೆರಳು ಬಳಸಿ.

ಇದನ್ನ ನೇರವಾಗಿ ಹಾಡಲ್ಲಿ ಕೂರಿಸಿ. 1925ರ "ಸ್ವೀಟ್ ಜಾರ್ಜಿಯಾ ಬ್ರೌನ್" ಎಫ್ ಕೀಯಲ್ಲಿ ಶುರುವಾಗೋದೇ 4 ಬಾರ್ ಡಿ7, 4 ಬಾರ್ ಜಿ7, 4 ಬಾರ್ ಸಿ7, ಆಮೇಲೆ ಎಫ್. ಒಂದೊಂದು ಕಾರ್ಡ್ ನಾಲ್ಕು ಬಾರ್ ಇರೋದ್ರಿಂದ ಯೋಚನೆ ಮಾಡೋಕೆ ಟೈಮ್ ಸಿಗುತ್ತೆ. ಇದೇ ಮೂರು 7 ಕಾರ್ಡ್‌ನಲ್ಲಿ ಜಿ ಕೀಯ 12 ಬಾರ್ ಬ್ಲೂಸೂ ಬರುತ್ತೆ: ಜಿ7 ನಾಲ್ಕು ಬಾರ್, ಸಿ7 ಎರಡು, ಜಿ7 ಎರಡು, ಡಿ7 ಒಂದು, ಸಿ7 ಒಂದು, ಜಿ7 ಒಂದು, ತಿರುಗೋಕೆ ಡಿ7 ಒಂದು.

ಮುಂದೆ 1931ರ "ಆಲ್ ಆಫ್ ಮಿ", ಸಿ ಕೀ. ಮೊದಲ 8 ಬಾರ್ ಎರಡೆರಡರಂತೆ: ಸಿ 5-5-7, ಇ7 7-6-7, ಎ7 6-5-7, ಡಿ ಮೈನರ್ 7 ಅಂದ್ರೆ 5-3-5. ಆ 5-5-7 ಹಿಡಿತವೇ ಎ ಮೈನರ್ 7 ಆಗಿಯೂ ಕೆಲಸ ಮಾಡುತ್ತೆ, ಬಾಸ್ ಯಾವ ಸ್ವರ ಹಿಡಿದಿದೆ ಅನ್ನೋದರ ಮೇಲೆ ಹೋಗುತ್ತೆ. ಅದನ್ನೇ ಬಳಸಿ ಜಿ ಕೀಯ ಟೂ-ಫೈವ್-ಒನ್ (ಕೀಯ 2, 5, 1ನೇ ಸ್ವರದ ಕಾರ್ಡ್ ಸಾಲಾಗಿ) ಕಲೀರಿ: ಎ ಮೈನರ್ 7 5-5-7, ಡಿ7 5-4-5, ಜಿ ಮೇಜರ್ 7 4-4-5. ಪ್ರತಿ ಸಲ ಒಂದೋ ಎರಡೋ ಬೆರಳು ಮಾತ್ರ ಸರಿಯೋದನ್ನ ನೋಡಿ, ಕೈ ಎತ್ತಿ ಹಾರಿದ್ರೆ ನೀವು ಕಷ್ಟದ ದಾರಿ ಹಿಡಿದಿದ್ದೀರ ಅಂತ.

ಪರೀಕ್ಷೆ: 110ರ ಸ್ಪೀಡಲ್ಲಿ, ನಾಲ್ಕೂ ಎಣಿಕೆಗೆ ಹೊಡೀತಾ, ಬ್ಲೂಸನ್ನ ಐದು ಸುತ್ತು ಎಲ್ಲೂ ಕಳೆದುಹೋಗದೆ ಮುಗಿಸ್ಬೇಕು, ಬಾಯಲ್ಲಿ ಎಷ್ಟನೇ ಬಾರ್ ಅಂತ ಹೇಳ್ತಾ. ಇದು ಆಗೋವರೆಗೂ ಸೋಲೋಗೆ ಹೋಗ್ಬೇಡಿ.

## ಹಂತ 8: ಸೋಲೋ

ಮೊದಲು ಹಾಡಿನ ಮೂಲ ಧಾಟಿ. ಅದು ಬರದೆ ಸೋಲೋ ಮಾಡೋರು ಎಲ್ಲಾ ಹಾಡಲ್ಲೂ ಒಂದೇ ಥರ ನುಡಿಸ್ತಾರೆ.

ಆಮೇಲೆ ಜಿ ಬ್ಲೂಸ್ ಬ್ಯಾಕಿಂಗ್ ಟ್ರ್ಯಾಕ್ (ಬರೀ ಕಾರ್ಡ್, ಲಯದ ರೆಕಾರ್ಡಿಂಗು) ಹಾಕಿ ಬಾರ್‌ಗೆ ಒಂದೇ ಸ್ವರ, ಕಾರ್ಡಿನ ಮೂರನೇದು: ಜಿ7ಗೆ ಬಿ, ಸಿ7ಗೆ ಇ, ಡಿ7ಗೆ ಎಫ್ ಶಾರ್ಪ್. ಎರಡನೇ ಸುತ್ತಲ್ಲಿ ಏಳನೇದು: ಜಿ7ಗೆ ಎಫ್, ಸಿ7ಗೆ ಬಿ ಫ್ಲ್ಯಾಟ್, ಡಿ7ಗೆ ಸಿ. ಆಮೇಲೆ ಎರಡನ್ನೂ ಹೆಣೆಯಿರಿ: ಜಿ7ರ ಬಿ, ಎ ತಂತಿಯ 2ನೇ ಫ್ರೆಟ್, ಸಿ7 ಬಂದ ಕ್ಷಣ 1ನೇ ಫ್ರೆಟ್‌ಗೆ ಇಳಿದು ಬಿ ಫ್ಲ್ಯಾಟ್. ಹಾಗೇ ಡಿ ತಂತಿಯಲ್ಲಿ 3ನೇ ಫ್ರೆಟ್ಟಿನ ಎಫ್, 2ನೇ ಫ್ರೆಟ್ಟಿನ ಇ ಆಗುತ್ತೆ. ಟ್ರ್ಯಾಕ್ ನಿಲ್ಲಿಸಿ ಬರೀ ಈ ಸ್ವರ ನುಡಿಸಿದ್ರೂ ಕಾರ್ಡ್ ಬದಲಾಗಿದ್ದು ಕೇಳಿಸ್ಬೇಕು. ಆ ಅರ್ಧ ಮನೆ ಇಳಿತ ಮೊದಲ ಸಲ ಕಿವಿಗೆ ಬಿದ್ದಾಗ ಆಗೋ ಖುಷಿ ಯಾವ ಲಿಕ್‌ನಲ್ಲೂ ಇಲ್ಲ.

ಇಲ್ಲಿ ನಮ್ಮ ಸಂಗೀತ ಕಲಿತವರು ಬೀಳೋ ಗುಂಡಿ ಒಂದಿದೆ. ರಾಗದಲ್ಲಿ ಷಡ್ಜ ಅಲುಗಲ್ಲ, ಹಾಗಾಗಿ ಜಿ ಬ್ಲೂಸ್ ಅಂದ್ರೆ ಜಿ ಷಡ್ಜ ಇಟ್ಕೊಂಡು ಒಂದೇ ಸ್ವರಸಮೂಹದಲ್ಲಿ ಸುತ್ತುತ್ತಾ ಇರೋಣ ಅನಿಸುತ್ತೆ. ಕೇಳೋಕೆ ಇಂಪಾಗೇ ಇರುತ್ತೆ, ಆದ್ರೆ ಕೆಳಗೆ ಕಾರ್ಡ್ ಬದಲಾದದ್ದು ನಿಮ್ಮ ಸಾಲಿನಲ್ಲಿ ಕಾಣಲ್ಲ. ಈ ಹಂತದಲ್ಲಿ ಶ್ರುತಿ ಪೆಟ್ಟಿಗೆ ಆಫ್ ಮಾಡಿ. ಅದೇ ಸ್ವರಜ್ಞಾನ ಬೇರೆ ಕಡೆ ವರ ಆಗುತ್ತೆ, ಎ ಮೈನರ್ ಹಾಡಲ್ಲಿ ಇ7 ಬಂದಾಗ ಎ ಷಡ್ಜದ ಕೀರವಾಣಿ ಸ್ವರ ಹಿಡಿದ್ರೆ ಸರಿಯಾಗಿ ಕೂರುತ್ತೆ.

ಗುರಿ ಸ್ವರ ಕೈಗೆ ಬಂದ್ಮೇಲೆ ಅದಕ್ಕೆ ಅರ್ಧ ಮನೆ ಕೆಳಗಿನಿಂದ ಬನ್ನಿ. ಸಿ7ರ ಇ ಬೇಕು ಅಂದ್ರೆ ಹಿಂದಿನ "ಟ"ದಲ್ಲಿ ಡಿ ತಂತಿಯ 1ನೇ ಫ್ರೆಟ್, "ತ"ದಲ್ಲಿ 2ನೇ ಫ್ರೆಟ್. ಆಮೇಲೆ ಮೂರು ನಾಲ್ಕು ಸ್ವರದ ಓಟ ಸೇರಿಸಿ, ಓಟ ಮುಗಿಯೋದು ಯಾವಾಗಲೂ ಗುರಿ ಸ್ವರದ ಮೇಲೆ. ಜೊತೆಗೆ ಉಸಿರು ಬಿಡಿ, ಎರಡು ಬಾರ್ ನುಡಿಸಿ ಒಂದು ಬಾರ್ ಸುಮ್ನಿರಿ. ಫಿಡಲ್ ಟ್ಯೂನಿಂದ ಬಂದವರಿಗೆ ಇದು ಕಷ್ಟ, ಕೈ ಬಿಡುವಿಲ್ಲದೆ ಸ್ವರಗಳನ್ನ ಸುರೀತಾನೇ ಇರುತ್ತೆ.

ಲಿಕ್ ಕದಿಯೋದಾದ್ರೆ ಈಗ ಕದೀರಿ. ಜೆಥ್ರೋ ಬರ್ನ್ಸ್, ಟೈನಿ ಮೂರ್, ಡಾನ್ ಸ್ಟಿರ್ನ್‌ಬರ್ಗ್, ಡೇವಿಡ್ ಗ್ರಿಸ್ಮನ್, ಈ ಮ್ಯಾಂಡೊಲಿನ್‌ನವರಲ್ಲಿ ಒಬ್ಬರದ್ದು ಎರಡು ಬಾರ್ ಎತ್ಕೊಂಡು, ಯಾವ ಕಾರ್ಡಿನ ಯಾವ ಸ್ವರದ ಮೇಲೆ ನಿಂತ್ರು ಅಂತ ನೋಡಿ, ಇನ್ನೆರಡು ಕೀಗೆ ಬದಲಾಯಿಸಿ.

## ನಿಲ್ಲಿಸಿ ನೋಡ್ಬೇಕಾದ ಸೂಚನೆಗಳು

ಬೆರಳ ತುದಿ ಉರಿ ಸಹಜ, ಎರಡು ಮೂರು ವಾರದಲ್ಲಿ ಗಟ್ಟಿಯಾಗುತ್ತೆ. ಆದ್ರೆ ಬೆರಳು ಜೋಮು ಹಿಡಿಯೋದು, ಮಣಿಕಟ್ಟಲ್ಲಿ ಚುಚ್ಚೋದು, ನುಡಿಸದೇ ಇರುವಾಗಲೂ ಹೆಬ್ಬೆರಳ ಬುಡ ನೋಯೋದು ಇವು ಸಹಜ ಅಲ್ಲ, ಅಭ್ಯಾಸ ನಿಲ್ಲಿಸಿ, ಹೋಗದಿದ್ರೆ ಡಾಕ್ಟರ್ ಹತ್ರ ಹೋಗಿ. ಸ್ಪೀಡ್ ಏರಿಸಿದಾಗ ಭುಜ ಕಿವಿ ಕಡೆ ಏರ್ತಿದ್ರೆ 10 ಇಳಿಸಿ.

ಇನ್ನು ಸಂಗೀತದ ಸೂಚನೆಗಳು. ಟ್ಯೂನನ್ನ ಮಧ್ಯದಿಂದ ಶುರು ಮಾಡೋಕೆ ಬರಲ್ಲ ಅಂದ್ರೆ ಹಂತ 4ಕ್ಕೆ ವಾಪಸ್. ಬ್ಯಾಕಿಂಗ್ ಟ್ರ್ಯಾಕ್ ಇಲ್ಲದಿದ್ರೆ ಸೋಲೋದಲ್ಲಿ ಎಲ್ಲಿದ್ದೀನಿ ಅಂತ ಗೊತ್ತಾಗಲ್ಲ ಅಂದ್ರೆ ಹಂತ 7ಕ್ಕೆ. ರೆಕಾರ್ಡಿಂಗ್‌ನಲ್ಲಿ ನಿಮ್ಮ ಸ್ವರಗಳು ಕ್ಲಿಕ್‌ಗಿಂತ ಮುಂಚೆ ಮುಂಚೆ ಬೀಳ್ತಿದ್ರೆ ಹಂತ 2 ಮತ್ತು 6.

## ಹಂತ 9: ಜೊತೆಗೆ ನುಡಿಸೋದು

ಒಬ್ಬರೇ ಕೂತು ಕಲಿತದ್ದು ಒಂದು ಮಟ್ಟದಲ್ಲಿ ನಿಂತೋಗುತ್ತೆ, ಒಬ್ಬ ಗಿಟಾರಿಸ್ಟ್ ಸಿಕ್ಕಿದ್ರೂ ಸಾಕು, ಹುಡುಕಿ. ಸ್ನೇಹಿತರು ಸಿಗದ ಊರಲ್ಲಿದ್ರೆ ನಿಮ್ಮದೇ ಕಾರ್ಡ್ ರೆಕಾರ್ಡ್ ಮಾಡಿ ಅದರ ಮೇಲೆ ನುಡಿಸಿ, ಕಾರ್ಡ್ ಹಾಕುವಾಗ ಲಯ ಎಲ್ಲಿ ಜಾರಿತ್ತು ಅನ್ನೋದೂ ಅಲ್ಲೇ ಗೊತ್ತಾಗುತ್ತೆ.

ಅಮೆರಿಕದಲ್ಲಿ ಇರೋರಿಗೆ ಜ್ಯಾಮ್ ಸಿಗುತ್ತೆ, ಆದ್ರೆ ಯಾವ ಥರದ್ದು ಅಂತ ನೋಡ್ಕೊಂಡು ಹೋಗಿ. ಓಲ್ಡ್ ಟೈಮ್ (ಹಳೇ ಫಿಡಲ್ ಟ್ಯೂನಿನ) ಜ್ಯಾಮ್‌ನಲ್ಲಿ ಎಲ್ಲರೂ ಒಟ್ಟಿಗೆ ಧಾಟಿ ನುಡಿಸ್ತಾರೆ, ಒಂದೇ ಟ್ಯೂನು ಹತ್ತಾರು ಸುತ್ತು ಹೋಗುತ್ತೆ, ಟ್ಯೂನು ಶುರು ಮಾಡಿದವರು ಕಾಲೆತ್ತಿದ್ರೆ ಇದೇ ಕೊನೇ ಸುತ್ತು ಅಂತ. ಅಲ್ಲಿ ಸ್ವಿಂಗ್ ಸೋಲೋ ಹಾಕೋದು ಮರ್ಯಾದೆ ಅಲ್ಲ. ಬ್ಲೂಗ್ರಾಸ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸರದಿ, ಬೇರೆಯವರದ್ದು ನಡೆಯುವಾಗ ನೀವು ಚಾಪ್. ಸ್ವಿಂಗ್, ಜಾಝ್ ಕೂಟದಲ್ಲಿ ಸರದಿ ಒಂದು ಪೂರ್ತಿ ಸುತ್ತು, ಆಮೇಲೆ ಕೆಲವೊಮ್ಮೆ ನಾಲ್ಕು ನಾಲ್ಕು ಬಾರ್ ಹಂಚ್ಕೊಳ್ತಾರೆ, ಕಣ್ಣು ಬೇರೆಯವರ ಮೇಲಿರಲಿ.

ಮ್ಯಾಂಡೊಲಿನ್ ಸಣ್ಣ ದನಿ. ಗಿಟಾರಿನವರು ಈಗಾಗಲೇ ನಾಲ್ಕೂ ಎಣಿಕೆಗೆ ಹೊಡೀತಿದ್ರೆ ನೀವೂ ಅದೇ ಜಾಗದಲ್ಲಿ ಅದೇ ಕಾರ್ಡ್ ಹಾಕಿದ್ರೆ ಎರಡೂ ಕಲಸೋಗುತ್ತೆ, ಆಗ 2 ಮತ್ತು 4ರಲ್ಲಿ ಮೆಲ್ಲಗೆ ಇರಿ ಅಥವಾ ಪೂರ್ತಿ ಬಿಟ್ಬಿಡಿ. ಹಾಡು ಗೊತ್ತಿಲ್ಲದಿದ್ರೆ ಕೀ ಕೇಳ್ಕೊಂಡು ಮೊದಲ ಸುತ್ತು ಗಿಟಾರಿನವರ ಎಡಗೈ ನೋಡ್ತಾ ಕೂತಿರಿ, ಎರಡನೇ ಸುತ್ತಲ್ಲಿ ಮೂರು ತಂತಿ ಕಾರ್ಡ್‌ನಿಂದ ಸೇರ್ಕೊಳ್ಳಿ, ಸರದಿ ಬಂದ್ರೆ ಬಾರ್‌ಗೆ ಒಂದು ಗುರಿ ಸ್ವರ ಮೀಟಿ ದಾಟಿಸಿ.